ಅರವತ್ತರ ಗೆರೆ

ಅದು ಕೊಬ್ಬರಿ ಚೀಲದ ವಾಸನೆ. ತಿಪಟೂರಿನ ಮಂಡಿಯಲ್ಲಿ ಅಪ್ಪ ಗೋಣಿಯ ಬಾಯಿ ಬಿಚ್ಚಿದಾಗ ಬರುತ್ತಿದ್ದ, ಎಣ್ಣೆ, ಸಿಹಿ, ಧೂಳು ಮೂರೂ ಬೆರೆತ ವಾಸನೆ. ಶಾಲೆ ಬಿಟ್ಟ ಮೇಲೆ ದಾಕ್ಷಾಯಿಣಿ ಅಲ್ಲಿಗೇ ಓಡಿ, ಚೀಲಗಳ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದಳು. ಮನೆಗೆ ಬಂದರೆ ಲಂಗದಲ್ಲೂ ಜಡೆಯಲ್ಲೂ ಅದೇ. ಐವತ್ತು ವರ್ಷಗಳ ಮೇಲೆ, ತುಮಕೂರಿನ ಆಸ್ಪತ್ರೆಯೊಂದರ ಐದನೇ ಮಹಡಿಯಲ್ಲಿ, ಗಂಡನ ಹಣೆಗೆ ನರ್ಸು ಸವರಿದ ಲೇಪದಿಂದ ಆ ವಾಸನೆ ಎದ್ದು ಬಂದಾಗ, ತಾನೆಲ್ಲಿದ್ದೇನೆಂಬುದೇ ಅವಳಿಗೆ ಒಂದು ಗಳಿಗೆ ಮರೆತುಹೋಯಿತು.

"ನಿಮ್ಮಪ್ಪನ ಮಂಡಿ ಕಣೇ," ಎಂದರು ಷಡಕ್ಷರಿ, ಕಣ್ಣು ಮುಚ್ಚಿಕೊಂಡೇ. "ಇಲ್ಲಿಗೂ ಬಂದ್ಬಿಟ್ರು ನೋಡು ಮಾವ."

ಲೇಪದ ಮೇಲೆ ನರ್ಸು ಎರಡು ಬೆರಳಗಲದ ಬೂದು ಪಟ್ಟಿಯೊಂದನ್ನು ಸುತ್ತಿದಳು. ನೋವಿನ ಪಟ್ಟಿ ಎಂದೇ ಎಲ್ಲರೂ ಅದನ್ನು ಕರೆಯುತ್ತಿದ್ದರು. ದೇಹದ ಯಾವ ಮೂಲೆಯಲ್ಲಿ ನೋವೆದ್ದರೂ ಅದರ ಸುದ್ದಿ ಮಿದುಳಿಗೆ ಹೋಗಲೇಬೇಕು. ಹಣೆಯ ಮೇಲೆ ಕೂತ ಪಟ್ಟಿ ಆ ಸುದ್ದಿಯನ್ನು ನಡುವೆ ಕೇಳಿಸಿಕೊಂಡು, ಸೊನ್ನೆಯಿಂದ ನೂರರೊಳಗೆ ಒಂದು ಅಂಕಿಯಾಗಿಸಿ ಹೇಳುತ್ತಿತ್ತು. ಮಾತು ಬಾರದ ಕೂಸುಗಳ ನೋವು ತಿಳಿಯಲೆಂದು ಯಾರೋ ಪುಣ್ಯಾತ್ಮರು ಮಾಡಿದ ಸಾಧನ. ಆಮೇಲೆ ಅದು ವಿಮೆ ಕಂಪನಿಗಳ ಕಣ್ಣಿಗೆ ಬಿತ್ತು. ಈಗ ಆಸ್ಪತ್ರೆಯ ವರಾಂಡಗಳಲ್ಲಿ "ತುಂಬಾ ನೋವು" ಎಂದು ಹೇಳುವವರೇ ಇರಲಿಲ್ಲ. "ನಮ್ಮಮ್ಮಂಗೆ ಇವತ್ತು ನಲವತ್ತೆರಡು," ಎನ್ನುತ್ತಿದ್ದರು, ಮಕ್ಕಳ ಪರೀಕ್ಷೆಯ ಅಂಕ ಹೇಳುವ ಹಾಗೆ.

ಷಡಕ್ಷರಿಗೆ ಬೆನ್ನುಮೂಳೆಯಲ್ಲಿ ಗಡ್ಡೆ. ವಾಸಿಯಾಗುವ ಮಾತನ್ನು ಡಾಕ್ಟರು ಆಡಿರಲಿಲ್ಲ. "ಎರಡು ತಿಂಗಳು ಅನ್ಕೊಳ್ಳಿ. ಆದ್ರೆ ಆ ಎರಡು ತಿಂಗಳನ್ನ ನೋವಿಲ್ಲದ ಹಾಗೆ ಮಾಡ್ಬೋದು," ಎಂದಿದ್ದರು. ಬೆನ್ನುಹುರಿಯ ಪಕ್ಕ ಕೂದಲೆಳೆಯಂಥ ತಂತಿ ಇಟ್ಟು, ನೋವಿನ ಸುದ್ದಿ ಮೇಲೆ ಹೋಗದಂತೆ ತಡೆಯುವ ಚಿಕಿತ್ಸೆ. ವಾರಕ್ಕೆ ನಾಲ್ಕು ಲಕ್ಷ. ಷಡಕ್ಷರಿಯ ಪಿಂಚಣಿ ಒಂದು ದಿನಕ್ಕೂ ಸಾಲದು. ಮೂವತ್ತೊಂದು ವರ್ಷ ತಪ್ಪದೆ ಕಂತು ಕಟ್ಟಿದ ವಿಮೆ ಇತ್ತು. ಅದು ಒಪ್ಪಬೇಕಿತ್ತು, ಅಷ್ಟೆ.

ಕೆಳಗೆ ವಿಮೆಯ ಮೇಜಿನಲ್ಲಿ ಲೋಹಿತ್ ಎಂಬ ನಲವತ್ತರ ಆಸುಪಾಸಿನ ಗೃಹಸ್ಥ ಕೂತಿರುತ್ತಿದ್ದ. ಕಂಪನಿಯ ಮನುಷ್ಯನಾದರೂ ಮೆತ್ತಗಿನವನು. ವಯಸ್ಸಾದವರು ಬಂದರೆ ಎದ್ದು ಕುರ್ಚಿ ಎಳೆದು ಕೊಡುತ್ತಿದ್ದ.

"ನಾಡಿದ್ದಿಂದ ಮೂರು ದಿನ ಅಳತೆ ಅಮ್ಮಾ. ಬೆಳಿಗ್ಗೆ ಆರರಿಂದ ಸಂಜೆ ಆರು. ಮೂರೂ ದಿನ ಸರಾಸರಿ ಅರವತ್ತು ಇರ್ಲೇಬೇಕು. ಒಂದು ದಿನ ಕಮ್ಮಿ ಬಂದ್ರೂ ಮಾತ್ರೆ ಸಾಕು ಅಂತ ಬರ್ದು ಫೈಲ್ ಮುಚ್ತಾರೆ."

"ಮತ್ತೆ ಅಳೆಯಲ್ವಾ?"

"ಮೂವತ್ತು ದಿನ ಆದ್ಮೇಲೆ."

ಅವನು ತಲೆ ತಗ್ಗಿಸಿಕೊಂಡು, ಬಿಲ್ಲಿನಲ್ಲಿ ಎರಡು ಸಲ ಬಂದಿದ್ದ ಕೈಗವಸಿನ ದುಡ್ಡನ್ನು ತಾನಾಗಿಯೇ ಹೊಡೆದುಹಾಕಿದ. ಅವಳು ಕೇಳಿರಲಿಲ್ಲ.

ಬಿಲ್ಲೆಂದರೆ ಆ ಆಸ್ಪತ್ರೆಯಲ್ಲಿ ಪ್ರತಿ ಮಂಚದ ಕಾಲ ಕಡೆಯ ಗೋಡೆಯಲ್ಲಿ ಒಂದು ಪರದೆ. ಸೂಜಿ ಚುಚ್ಚಿದರೆ ಅದರಲ್ಲಿನ ಮೊತ್ತ ಏರುತ್ತಿತ್ತು, ಬಟ್ಟೆ ಬದಲಿಸಿದರೆ ಏರುತ್ತಿತ್ತು. ರೋಗಿಯ ಕಣ್ಣಿಗೆ ನೇರ ಬೀಳುವ ಜಾಗ. ಎಲ್ಲ ಮನೆಯವರೂ ಅದರ ಮೇಲೆ ಒಂದು ಟವೆಲ್ಲು ಇಳಿಬಿಡುತ್ತಿದ್ದರು. ಮುಚ್ಚಬಾರದೆಂದು ನಿಯಮ. ನರ್ಸುಗಳು ರೌಂಡ್ಸಿಗೆ ಬಂದಾಗ ಟವೆಲ್ಲು ತೆಗೆದು ಮಡಿಸಿ, ಹೋಗುವಾಗ ಮತ್ತೆ ಅಲ್ಲೇ ಹಾಕಿ ಹೋಗುತ್ತಿದ್ದರು.

ಅಳತೆಗೆ ಮುಂಚಿನ ದಿನ ಪಟ್ಟಿಯನ್ನು ಸುಮ್ಮನೆ ಓಡಿಸಿ ನೋಡುವ ಪದ್ಧತಿ. ಆ ಮಧ್ಯಾಹ್ನ ದಾಕ್ಷಾಯಿಣಿಗೆ ಮೂರನೇ ಮಹಡಿಯಿಂದ ಕರೆ ಬಂತು. ಅಳತೆ ಕೋಣೆ ಅಲ್ಲಿತ್ತು. ತಣ್ಣಗಿನ ಕೋಣೆ, ಗೋಡೆ ತುಂಬ ಹಸಿರು ಗೆರೆಗಳು, ಒಂದೊಂದೂ ಒಬ್ಬೊಬ್ಬರ ನೋವು. ನಡುವೆ ಶಾಲು ಹೊದ್ದು ಕೂತಿದ್ದ, ಆ ಗೆರೆಗಳನ್ನು ನೋಡಿಕೊಳ್ಳುವ ತಸ್ಲೀಮಾ ಎದ್ದು ಬಾಗಿಲು ಹಾಕಿದಳು.

"ಇದನ್ನ ತೋರಿಸೋ ಹಾಗಿಲ್ಲ ಅಮ್ಮ. ನಾನು ತೋರಿಸಿದೆ ಅಂತ ಎಲ್ಲೂ ಅನ್ಬೇಡಿ. ಇದು ನಿಮ್ಮ ಯಜಮಾನ್ರ ಗೆರೆ. ಇಲ್ಲಿ ಎಪ್ಪತ್ತೈದು. ಇಲ್ಲಿ ನೋಡಿ, ಹತ್ತೂವರೆಗೆ, ದಬಕ್ ಅಂತ ನಲವತ್ತಕ್ಕೆ ಬಿತ್ತು. ಆವಾಗ ಏನಾದ್ರೂ ಮಾತ್ರೆ ಕೊಟ್ರಾ?"

ದಾಕ್ಷಾಯಿಣಿ ಯೋಚಿಸಿದಳು. "ಇಲ್ವಲ್ಲ. ಬೆಳಿಗ್ಗೆ ಮನೆಗೆ ಹೋಗಿದ್ದೆ, ಸ್ನಾನಕ್ಕೆ. ಹತ್ತೂವರೆಗೆ ಬಂದು ಪಕ್ಕ ಕೂತೆ."

"ಕೂತು?"

"ಕೂತು ಏನಮ್ಮ, ಕೈ ಹಿಡ್ಕೊಂಡೆ. ದಿನಾ ಹಿಡ್ಕೊಳ್ಳಲ್ವಾ."

ತಸ್ಲೀಮಾ ಗೆರೆಯ ಮೇಲೆ ಬೆರಳಾಡಿಸಿದಳು. ದಾಕ್ಷಾಯಿಣಿ ಎದ್ದು ಹಣ್ಣು ತೊಳೆಯಲು ಹೋದಾಗ ಏರಿತ್ತು. ವಾಪಸು ಬಂದಾಗ ಇಳಿದಿತ್ತು. ಬಾಗಿಲ ಬಳಿ ಚಪ್ಪಲಿ ಬಿಟ್ಟ ಸದ್ದಿಗೇ ನಾಲ್ಕೈದು ಅಂಕ ಇಳಿದಿತ್ತು.

"ಪಟ್ಟಿಗೆ ನೋವು ಮಾತ್ರ ಗೊತ್ತು, ಯಾಕೆ ಇಳೀತು ಅಂತ ಗೊತ್ತಿಲ್ಲ. ಕಂಪನಿಗೂ ಬೇಕಿಲ್ಲ. ನೀವು ಪಕ್ಕದಲ್ಲಿದ್ರೆ ಅರವತ್ತು ಬರಲ್ಲ ಅಮ್ಮ."

ಇಂಥದ್ದನ್ನು ಆ ಕೋಣೆಯಲ್ಲಿ ತಸ್ಲೀಮಾ ಎಷ್ಟೋ ನೋಡಿದ್ದಳು. ಒಬ್ಬ ಸೊಸೆ ಅಳತೆಯ ದಿನ ಬೇಕೆಂದೇ ಅತ್ತೆಗೆ ಬಾಯಿಗೆ ಬಂದಂತೆ ಬೈದು, ಹೊರಗೆ ಬಂದು ಲಿಫ್ಟಿನೊಳಗೆ ಅತ್ತಿದ್ದಳಂತೆ. ಒಬ್ಬ ಮುದುಕರು ಮೂರು ದಿನ ಜಪ ಮಾಡದೆ ಕೂತಿದ್ದರಂತೆ.

"ಮೂರು ದಿನ ಹೊರಗಿರಿ. ಫೋನೂ ಬೇಡ, ನಿಮ್ಮ ದನಿಗೂ ಇಳೀತದೆ. ಆದ್ರೆ ಯಜಮಾನ್ರಿಗೆ ವಿಷಯ ಹೇಳ್ಬಿಡಿ. ಗೊತ್ತಿದ್ರೆ ಸ್ವಲ್ಪ ಇಳಿಯತ್ತೆ ನಿಜ. ಆದ್ರೂ ಅರವತ್ತರ ಮೇಲೇ ಇರತ್ತೆ. ಎಪ್ಪತ್ತೈದು ಇರೋರು."

"ಬೇಡ," ಎಂದಳು ದಾಕ್ಷಾಯಿಣಿ ತಕ್ಷಣ. "ನಿನಗೆ ಗೊತ್ತಿಲ್ಲ ಕಣಮ್ಮ ಅವರು. ಹೇಳಿದ್ರೆ ಪಟ್ಟಿ ಕಿತ್ತು ಬಿಸಾಕ್ತಾರೆ."

ಹಾಗೆ ಹೇಳಲು ಅವಳಿಗೆ ಕಾರಣವಿತ್ತು. ಷಡಕ್ಷರಿ ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅವಳು ಅವರನ್ನು ಮೊದಲು ಕಂಡದ್ದೇ ಅಪ್ಪನ ಮಂಡಿಯಲ್ಲಿ. ರೈತರ ಚೀಲ ತೂಗುವಾಗ ಅಪ್ಪನ ಆಳು ಅಡಿಯಿಂದ ಮೊಣಕಾಲು ಕೊಟ್ಟು ಒಂದಿಷ್ಟು ಮೇಲೆತ್ತುತ್ತಿದ್ದ. ಚೀಲಕ್ಕೆ ಅರ್ಧ ಕಿಲೋ ಇಳಿಯುತ್ತಿತ್ತು. ಸಣಕಲು ದೇಹದ ಹೊಸ ಇನ್ಸ್‌ಪೆಕ್ಟರು ಮೂಲೆಯಲ್ಲಿ ನಿಂತು ಹನ್ನೊಂದು ಚೀಲ ನೋಡಿ, ಹನ್ನೆರಡನೆಯದಕ್ಕೆ "ಮೊಣಕಾಲು ತೆಗೀರಿ" ಎಂದಿದ್ದರು. ತಕ್ಕಡಿ ಜಪ್ತಾಯಿತು, ದಂಡವೂ ಬಿತ್ತು. ಎರಡು ವರ್ಷದ ಮೇಲೆ ಅದೇ ಮನೆಗೆ ಹೆಣ್ಣು ಕೇಳಲು ಬಂದಾಗ ಅಪ್ಪ, "ಹುಡುಗ ಕಡ್ಡಿ ಮುರಿದ ಹಾಗೆ ಮಾತಾಡ್ತಾನೆ, ಆದ್ರೆ ಮಗಳಿಗೆ ಮೋಸ ಮಾಡಲ್ಲ," ಎಂದು ಒಪ್ಪಿದ್ದರು. ಮಕ್ಕಳಾಗಲಿಲ್ಲ, ಇಬ್ಬರೇ. ತರಕಾರಿಯವಳು ಒಂದು ಹಿಡಿ ಜಾಸ್ತಿ ಹಾಕಿದರೂ ತೆಗೆದು ವಾಪಸಿಡುವ ಗಂಡನ ಜೊತೆ ಮೂವತ್ತಾರು ವರ್ಷ ಕಳೆದವಳಿಗೆ, ಅಂಕಿ ಏರಿಸಲು ತಾನು ಹೊರಗೆ ಕೂರುತ್ತೇನೆಂದು ಹೇಳುವ ಧೈರ್ಯ ಬರಲಿಲ್ಲ.

ಸಂಜೆ ಮನೆಗೆ ಹೋಗಿ ವಿಮೆಯ ಕಾಗದ ಹುಡುಕಿ ತೆಗೆದಳು. ಅಡುಗೆಮನೆಯಲ್ಲಿ ನಿಂತು, ಅಡುಗೆ ಮಾಡದೆ, ಹೇಳಬೇಕಾದ ಸುಳ್ಳನ್ನು ಎರಡು ಮೂರು ಸಲ ಬಾಯಿಪಾಠ ಮಾಡಿದಳು. ಆಮೇಲೆ ಫೋನು ಮಾಡಿದಳು.

"ಏನೂಂದ್ರೆ, ನಂಗೆ ಜ್ವರ ಬಂದಿದೆ. ಮೂರು ದಿನ ಒಳಗೆ ಬಿಡಲ್ಲವಂತೆ."

"ಎಷ್ಟಿದೆ?"

"ನೂರೊಂದು."

"ಥರ್ಮಾಮೀಟರ್ ಸರಿ ಇದೆಯೇನೇ? ಆ ಹಳೇದು ಅರ್ಧ ಡಿಗ್ರಿ ಜಾಸ್ತಿ ತೋರಿಸತ್ತೆ," ಎಂದರು ಷಡಕ್ಷರಿ. ಆಮೇಲೆ, "ಗಂಜಿ ಮಾಡ್ಕೊಂಡು ಕುಡಿ. ನನ್ನ ಯೋಚನೆ ಮಾಡ್ಬೇಡ," ಎಂದರು.

ಮೊದಲ ದಿನ ಅವಳು ಐದನೇ ಮಹಡಿಯ ಲಿಫ್ಟಿನ ಎದುರಿನ ಬೆಂಚಿನಲ್ಲಿ ಕೂತಳು. ಅಲ್ಲಿಂದ ಅವರ ಕೋಣೆಗೆ ಇಪ್ಪತ್ತು ಹೆಜ್ಜೆ. ಚಪ್ಪಲಿಯ ಸದ್ದಾಗಬಾರದೆಂದು ಬರಿಗಾಲಲ್ಲಿದ್ದಳು. ಬಾಗಿಲು ತೆರೆದಾಗಲೆಲ್ಲ ಷಡಕ್ಷರಿಯ ದನಿ ಕೇಳುತ್ತಿತ್ತು. ನೋವು ಹೆಚ್ಚಾದಾಗ ನರಳುವ ಅಭ್ಯಾಸ ಅವರಿಗಿರಲಿಲ್ಲ. ತೂಕದ ಕಲ್ಲುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುವಾಗಿನ ಎಣಿಕೆಯನ್ನು ಹೇಳುತ್ತಿದ್ದರು. "ಐವತ್ತು ಗ್ರಾಂ. ನೂರು. ಇನ್ನೂರು. ಐನೂರು..." ಒಂದು ಕಿಲೋ ಮುಟ್ಟಿದರೆ ಮತ್ತೆ ಐವತ್ತರಿಂದ. ಅಂದಿನ ಅಂಕ ಎಪ್ಪತ್ತಾರು.

ಎರಡನೇ ದಿನ ಅವಳ ಫೋನು ಏಳು ಸಲ ಅಲುಗಿತು. ಸೆರಗಿನೊಳಗೆ ಒತ್ತಿ ಹಿಡಿದುಕೊಂಡು, ಅದು ತಾನಾಗಿ ನಿಲ್ಲುವವರೆಗೆ ಕೂತಿದ್ದಳು. ಎಂಟನೇ ಸಲ ಅಲುಗಲಿಲ್ಲ. ಕಸ ಗುಡಿಸುವ ಹೆಂಗಸು ಅವಳ ಬರಿಗಾಲು ನೋಡಿ, ಹಳೆಯ ಗೋಣಿಯೊಂದನ್ನು ಕಾಲ ಕೆಳಗೆ ಸರಿಸಿ ಹೋದಳು. ಎಪ್ಪತ್ತೆಂಟು.

ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಎಣಿಕೆ ನಿಂತಿತು. ಎಣಿಸುವಷ್ಟೂ ಉಸಿರಿಲ್ಲವೇನೋ ಎಂದು ಅವಳು ಎದ್ದು ನಿಂತಳು. ಔಷಧಿಯ ತಟ್ಟೆ ಹಿಡಿದು ನರ್ಸು ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಸಿಸ್ಟರ್," ಎಂದರು ಷಡಕ್ಷರಿ. ದನಿ ಸಣ್ಣಗಾಗಿತ್ತು. "ನಮ್ಮ ಮನೆಯವಳು ತಿಪಟೂರಿಗೆ ಹೋಗಿರ್ಬೇಕು, ಅವರಕ್ಕನ ಮನೆಗೆ. ಫೋನ್ ಎತ್ತಲಿಲ್ಲ."

"ಜ್ವರ ಅಂದ್ರಲ್ಲ ಸಾರ್."

"ಜ್ವರ ಇದ್ರೆ ಫೋನ್ ಎತ್ತಬಾರ್ದಾ? ಹೋಗ್ಲಿ ಬಿಡಿ, ಪಾಪ. ಎಂಟು ತಿಂಗಳಾಯ್ತು. ಅವಳಿಗೂ ಸಾಕಾಗಿರತ್ತೆ. ಬಂದ್ರೆ, ನಾನು ಕೇಳ್ದೆ ಅಂತ ಹೇಳ್ಬೇಡಿ."

ಆ ಎರಡು ದಿನದ ಎಣಿಕೆಯನ್ನು ದಾಕ್ಷಾಯಿಣಿ ಹಲ್ಲು ಕಚ್ಚಿ ತಡೆದುಕೊಂಡಿದ್ದಳು. ಈ ಮಾತನ್ನು ತಡೆಯಲಾಗಲಿಲ್ಲ. ಇಪ್ಪತ್ತು ಹೆಜ್ಜೆಯನ್ನು ಹೇಗೆ ದಾಟಿದಳೋ, ಒಳಗೆ ಹೋಗಿ ಅವರ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ.

"ಜ್ವರ ಇಲ್ವಲ್ಲೇ. ಕೈ ತಣ್ಣಗಿದೆ," ಎಂದರು ಷಡಕ್ಷರಿ.

ಅವಳು ಎಲ್ಲವನ್ನೂ ಹೇಳಿದಳು. ಲೋಹಿತನ ಅರವತ್ತು, ಮೂರನೇ ಮಹಡಿಯ ಗೆರೆ, ಬೆಂಚು, ಏಳು ಸಲ ಅಲುಗಿದ ಫೋನು. ಬೈಗುಳಕ್ಕೆ ಕಾದಳು. ಷಡಕ್ಷರಿಯ ಎದೆ ಅಲುಗಿತು. ಅಳುತ್ತಿದ್ದಾರೇನೋ ಎಂದುಕೊಂಡಳು, ನಗುತ್ತಿದ್ದರು.

"ಮಂಡಿ ಸಾಹುಕಾರನ ಮಗಳು! ಮೂವತ್ತಾರು ವರ್ಷ ನನ್ನ ಜೊತೆ ಇದ್ದು ಇಷ್ಟೇನಾ ಕಲ್ತಿದ್ದು? ಕೈ ತೆಗೆದು ತೂಗೋದೇ ಕಣೇ ಸರಿಯಾದ ತೂಕ. ನೀನು ಕೈ ಹಿಡ್ಕೊಂಡು ಕೂತ್ರೆ ಅದು ನಿಮ್ಮಪ್ಪನ ಆಳು ಮೊಣಕಾಲು ಕೊಟ್ಟ ಹಾಗೆ. ತೂಕ ಇಳಿಯತ್ತೆ. ಭಾರ ಎಲ್ಲಿ ಹೋಗತ್ತೆ?"

"ಮೋಸ ಅಂತೀರಿ ಅನ್ಕೊಂಡೆ."

"ಹೇಳಿದ್ರೆ ನಾನೇ ನಿನ್ನ ಹೊರಗೆ ಕಳಿಸ್ತಿದ್ದೆ. ಅಲ್ಲೇ ಬೆಂಚಿನ ಮೇಲಿದ್ದಾಳೆ ಅಂತ ಗೊತ್ತಿದ್ರೆ ಮೂರಲ್ಲ, ಹತ್ತು ದಿನ ಎಣಿಸ್ಕೊಂಡು ಬಿದ್ದಿರ್ತಿದ್ದೆ." ನಗು ನಿಂತಿತು. "ನಾನು ಏನೇನೋ ಅನ್ಕೊಂಡ್ಬಿಟ್ಟೆ ದಾಕ್ಷಿ."

ಮೂವತ್ತಾರು ವರ್ಷ ಅವರ ಪ್ರಾಮಾಣಿಕತೆಗೆ ಹೆದರಿಕೊಂಡೇ ಬಂದವಳು, ಅದರ ಒಳಗೆ ಏನಿದೆ ಎಂದು ಒಂದು ದಿನವೂ ಇಣುಕಿ ನೋಡಿರಲಿಲ್ಲ.

ನಾಲ್ಕೂವರೆಗೆ ತಸ್ಲೀಮಾ ಮೆಟ್ಟಿಲು ಹತ್ತಿ ಓಡಿ ಬಂದಳು. ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತ, "ಮೂವತ್ತೆಂಟಕ್ಕೆ ಬಂದಿದೆ ಅಮ್ಮ. ಇಷ್ಟು ಕಮ್ಮಿ ಯಾವತ್ತೂ ಇರ್ಲಿಲ್ಲ. ಈಗ ಎದ್ರೆ ಇವತ್ತಿಂದು ಅರವತ್ನಾಲ್ಕು ಬರತ್ತೆ. ಐದೂ ಮುಕ್ಕಾಲರೊಳಗೆ ಎದ್ರೂ ಪರ್ವಾಗಿಲ್ಲ. ಅದು ದಾಟಿದ್ರೆ ಆಗಲ್ಲ," ಎಂದು ಹೇಳಿ, ನಿಲ್ಲದೆ ಹೊರಟುಹೋದಳು. ಅವಳು ಆ ಮಹಡಿಗೆ ಬರುವ ಹಾಗೇ ಇರಲಿಲ್ಲ.

"ಹೋಗು," ಎಂದರು ಷಡಕ್ಷರಿ. "ಒಂದೂವರೆ ಗಂಟೆ. ನೀನು ಅಲ್ಲೇ ಇರ್ತೀಯಲ್ಲ. ಎಣಿಸ್ತೀನಿ."

"ಹೋಗ್ತೀನಿ."

"ಹೋಗು ಮತ್ತೆ."

ಹಾಗೆಂದರೂ ಅವರ ಬೆರಳುಗಳು ಸಡಿಲವಾಗಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ. ಇನ್ನೊಂದು ನಿಮಿಷ ಎಂದುಕೊಂಡಳು. ಅಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಮೂರು ದಿನ ಕಣ್ಣು ಮುಚ್ಚದ ಮನುಷ್ಯ, ಬಾಯಿ ಸ್ವಲ್ಪ ತೆರೆದುಕೊಂಡು, ಕೂಸಿನ ಹಾಗೆ ಮಲಗಿದರು. ಬಿಸಿಲು ಕಿಟಕಿಯಿಂದ ಮಂಚಕ್ಕೆ, ಮಂಚದಿಂದ ಗೋಡೆಗೆ ಸರಿಯಿತು. ಐದು ಹೊಡೆಯಿತು. ಐದೂವರೆ ಆಯಿತು. ನಿದ್ದೆಯಲ್ಲಿ ಬೆರಳುಗಳು ಸಡಿಲವಾಗಿದ್ದವು. ಈಗ ಕೈ ಬಿಡಿಸಿಕೊಳ್ಳುವುದು ಸುಲಭವಿತ್ತು.

ಐದು ನಲವತ್ತಕ್ಕೆ ಅವಳು ಕೈಯನ್ನು ಮೆಲ್ಲಗೆ ಹಿಂದಕ್ಕೆ ತಂದಳು. ಅಂಗೈ ಬೇರೆಯಾಗುತ್ತಿದ್ದಂತೆ ಷಡಕ್ಷರಿಯ ಹಣೆ ಗಂಟಿಕ್ಕಿತು. ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿತು: "ಐವತ್ತು ಗ್ರಾಂ."

ಒಂದು ತಿಂಗಳ ನೆಮ್ಮದಿ ಒಂದು ಕಡೆ, ಈ ಇಪ್ಪತ್ತು ನಿಮಿಷ ಒಂದು ಕಡೆ. ಲೆಕ್ಕ ಬಲ್ಲ ಯಾರಾದರೂ ಎದ್ದು ಹೋಗುತ್ತಿದ್ದರು. ಅವಳಿಗೂ ಲೆಕ್ಕ ಗೊತ್ತಿತ್ತು. ಏಳಬೇಕು ಎಂದು ಮನಸ್ಸಿನಲ್ಲೇ ಎರಡು ಸಲ ಎದ್ದಳು. ಕೊನೆಗೆ ಕೈಯನ್ನು ಮತ್ತೆ ಅಲ್ಲೇ ಇಟ್ಟಳು. ಹಣೆಯ ಗಂಟು ಬಿಚ್ಚಿಕೊಂಡಿತು.

ಆರು ಗಂಟೆಗೆ ಬಂದ ಸರಾಸರಿ ಐವತ್ತೊಂಬತ್ತು ಪಾಯಿಂಟ್ ಆರು.

ಮರುದಿನ ಲೋಹಿತ್ ಅವಳನ್ನು ಮೇಜಿಗೆ ಕರೆಸಲಿಲ್ಲ. ತಾನೇ ಮೇಲೆ ಬಂದು, ಬೆಂಚಿನಲ್ಲಿ ಅವಳ ಪಕ್ಕ ಕೂತು, ಮಡಿಸಿದ ಕಾಗದವನ್ನು ಕೊಟ್ಟ.

"ಮೇಲಿನವರಿಗೆ ಫೋನ್ ಮಾಡಿ ಕೇಳ್ದೆ ಅಮ್ಮ. ಪಾಯಿಂಟ್ ನಾಲ್ಕು ತಾನೇ ಅಂತ. ಯಂತ್ರ ಬರೆದಿದ್ದನ್ನ ನಾವು ತಿದ್ದೋಕಾಗಲ್ಲ ಅಂದ್ರು." ಅವನ ಕೈ ಸುಮ್ಮನಿರಲಿಲ್ಲ, ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿತ್ತು. "ಜನರಲ್ ವಾರ್ಡಿಗೆ ಹೋದ್ರೆ ದಿನದ ಬಾಡಿಗೆ ಕಾಲು ಭಾಗ ಆಗತ್ತೆ. ಕಿಟಕಿ ಪಕ್ಕದ ಮಂಚಕ್ಕೆ ಹೇಳಿದ್ದೀನಿ."

ಷಡಕ್ಷರಿಗೆ ಅವಳು ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಐದು ನಲವತ್ತರ ವಿಷಯವನ್ನೂ ಹೇಳಿದಳು. "ನಾನೇ ಹಾಳು ಮಾಡ್ದೆ," ಎಂದಳು.

"ಪಾಯಿಂಟ್ ನಾಲ್ಕಾ?" ಅವರು ಹುಬ್ಬೇರಿಸಿದರು. "ನಮ್ಮ ಇಲಾಖೇಲಿ ಅಷ್ಟು ಹೆಚ್ಚುಕಮ್ಮಿಗೆ ಮಾಫಿ ಇತ್ತು. ಎಂಥಾ ತಕ್ಕಡಿ ಆದ್ರೂ ಸ್ವಲ್ಪ ತಪ್ಪುತ್ತೆ ಅಂತ ನಿಯಮದಲ್ಲೇ ಬರ್ದಿದ್ರು. ಇವರಿಗೆ ಅದೂ ಇಲ್ವೇನೇ." ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು, "ನಿದ್ದೆ ಚೆನ್ನಾಗಿ ಬಂತು ನಿನ್ನೆ," ಎಂದರು.

ಜನರಲ್ ವಾರ್ಡಿನಲ್ಲಿ ಹನ್ನೆರಡು ಮಂಚ. ಮಾತ್ರೆ ದಿನಕ್ಕೆ ನಾಲ್ಕು. ಅವು ಗಡ್ಡೆಯ ನೋವಿನ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಡಿಸ್ಚಾರ್ಜ್ ಆಗುವ ತನಕ ಪಟ್ಟಿಯನ್ನು ತೆಗೆಯುವಂತಿಲ್ಲವೆಂದು ಹಣೆಯ ಮೇಲೆ ಅದು ಹಾಗೇ ಉಳಿದಿತ್ತು. ಈಗ ಅದು ಯಾರಿಗೆ ಏನು ಹೇಳಿದರೂ ಏನೂ ಆಗಬೇಕಾಗಿರಲಿಲ್ಲ. ದಾಕ್ಷಾಯಿಣಿ ಸ್ಟೂಲನ್ನು ಮಂಚಕ್ಕೆ ತಾಗುವಂತೆ ಎಳೆದುಕೊಂಡು ಬೆಳಿಗ್ಗೆ ಆರಕ್ಕೆ ಕೂತಳು. ಅವಳ ಬಲಗೈ ಅವರ ಕೈಯೊಳಗಿತ್ತು. ಎಂಟಕ್ಕೆ ಕಾಫಿ ಮಾರುವವನು ಬಂದು ಹೋದ. ಹತ್ತಕ್ಕೆ ಡಾಕ್ಟರು ಬಂದು, ಅವಳು ಏಳಲು ಹೋದಾಗ ಬೇಡವೆಂದು ಕೈಸನ್ನೆ ಮಾಡಿ, ತಾವೇ ಮಂಚ ಬಳಸಿ ಆ ಕಡೆಯಿಂದ ನಾಡಿ ನೋಡಿದರು. ಪಕ್ಕದ ಮಂಚದವರು ಊಟ ಮುಗಿಸಿ ತಟ್ಟೆ ತೊಳೆದರು. ಷಡಕ್ಷರಿ ಒಮ್ಮೆ ಎಚ್ಚರವಾಗಿ, "ಊಟ ಮಾಡ್ದೇನೇ?" ಎಂದು ಕೇಳಿದರು. "ಮಾಡ್ತೀನಿ, ಮಲಗಿ," ಎಂದಳು. ಅವರು ಮಲಗಿದರು.

ಎರಡೂವರೆಯ ಹೊತ್ತಿಗೆ ಯಾರೋ ಬಂದು ಪಕ್ಕದಲ್ಲಿ ನಿಂತರು. ಶಾಲು ಹೊದ್ದ ತಸ್ಲೀಮಾ.

"ಬೆಳಗಿಂದ ಗೆರೆ ಒಂದು ಸಲಾನೂ ಏಳಲಿಲ್ಲ ಅಮ್ಮ," ಎಂದಳು, ಮಲಗಿದವರಿಗೆ ಕೇಳದಷ್ಟು ಮೆಲ್ಲಗೆ. "ನೀವು ಎದ್ದೇ ಇಲ್ಲ ಅಂತ ಗೊತ್ತಾಯ್ತು."

ಶಾಲಿನೊಳಗಿಂದ ಒಂದು ಸ್ಟೀಲಿನ ಡಬ್ಬಿ ತೆಗೆದಳು. ಹೊಸದು, ಅಂಗಡಿಯ ಚೀಟಿ ತಳದಲ್ಲಿ ಇನ್ನೂ ಅಂಟಿಕೊಂಡಿತ್ತು. ಒಳಗೆ ಬಿಸಿ ಅನ್ನ, ಬೇಳೆ ಸಾರು ಹಾಕಿ ಕಲಸಿದ್ದು. ಮುಚ್ಚಳ ತೆಗೆದು ಡಬ್ಬಿಯನ್ನು ದಾಕ್ಷಾಯಿಣಿಯ ಮಡಿಲಲ್ಲಿ ಜಾರದಂತೆ ಕೂರಿಸಿ, ಅವಳ ಎಡಗೈಗೆ ಒಂದು ಚಮಚ ಕೊಟ್ಟಳು.